ಗಲ್ಲಾಪೆಟ್ಟಿಗೆಯ ಹಳೆಯ ನೋಟು: ಅದರ ಚರಿತ್ರೆ, ಅದರ ಬೆಲೆ, ನಮ್ಮ ಹೊಣೆ

ಉಗರಗೋಳವು ಯಲ್ಲಮ್ಮನ ಗುಡ್ಡದ ಬುಡದಲ್ಲಿರುವ ಊರು. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ದಿನಗಳಲ್ಲಿ ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣಗಳಿಂದಲೂ ಜನರು ಇಲ್ಲಿಗೆ ಬರುತ್ತಾರೆ. ಆ ಜನಸಾಗರದ ನಡುವೆ ನಮ್ಮ ಸಮುದಾಯದ ಕೆಲವು ಕುಟುಂಬಗಳೂ ಬಳೆ, ಆಟಿಕೆ, ಬೆಂಡು ಬತ್ತಾಸು, ಚುರಮುರಿಯ ಅಂಗಡಿ ಹಾಕಿ ವರ್ಷದ ಅನ್ನವನ್ನು ಸಂಪಾದಿಸಿಕೊಳ್ಳುತ್ತವೆ. ಇಶಾ ನಮಾಝಿನ ನಂತರ ಅವರು ಗಲ್ಲಾಪೆಟ್ಟಿಗೆಯನ್ನು ಸುರಿದು ಎಣಿಸುವಾಗ ಒಮ್ಮೊಮ್ಮೆ ವಿಚಿತ್ರವಾದ ನೋಟುಗಳು ಸಿಗುವುದುಂಟು. ಹಳ್ಳಿಯ ಯಾವುದೋ ಮನೆಯಲ್ಲಿ ಅಜ್ಜಿಯೊಬ್ಬಳು ಸೀರೆಯ ಮಡಿಕೆಯಲ್ಲಿ ಹತ್ತಾರು ವರ್ಷ ಜೋಪಾನ ಮಾಡಿದ ಹಣವು ಜಾತ್ರೆಯ ದಿನ ಹೊರಗೆ ಬರುತ್ತದೆ. ಒಂದು ರೂಪಾಯಿಯ ಹಳೆಯ ನೋಟು, ಟ್ರ್ಯಾಕ್ಟರಿನ ಚಿತ್ರವಿರುವ ಐದು ರೂಪಾಯಿ, ಅಂಚು ಸವೆದ ಎರಡು ರೂಪಾಯಿ ಹೀಗೆ.

ಕೆಲವು ವರ್ಷಗಳ ಹಿಂದೆ ಇಂತಹ ಒಬ್ಬ ಬಳೆ ವ್ಯಾಪಾರಿಯು ನನ್ನ ಬಳಿಗೆ ಬಂದರು. ಅವರ ಮಗನು ನನ್ನಲ್ಲಿ ಓದುತ್ತಿದ್ದನು. ಕರವಸ್ತ್ರದಲ್ಲಿ ಸುತ್ತಿದ್ದ ನೂರು ರೂಪಾಯಿಯ ನೋಟೊಂದನ್ನು ಬಿಚ್ಚಿ, "ಹಜರತ್, ಇದರ ನಂಬರ್ ನೋಡ್ರಿ. ಕಡೀಕ 786 ಐತಿ. ಇದಕ್ಕ ಮೂರು ಲಕ್ಷ ಕೊಡ್ತೀವಂತ ಫೋನ್ ಬಂದೈತಿ. ಮಗಳ ನಿಕಾಹ್‌ಕ್ಕ ಅಲ್ಲಾಹನ ಕೊಟ್ಟಾನ್ರಿ" ಎಂದರು. ಅವರ ಮುಖದಲ್ಲಿದ್ದ ಸಂತೋಷವು ನನಗೆ ಇಂದಿಗೂ ನೆನಪಿದೆ. ಆ ಸಂತೋಷವು ಮುಂದೆ ಏನಾಯಿತೆಂಬುದನ್ನು ನಂತರ ಹೇಳುತ್ತೇನೆ. ಮೊದಲು ನಮ್ಮ ಕೈಯಲ್ಲಿ ದಿನವೂ ಹಾದುಹೋಗುವ ಈ ಕಾಗದದ ಚರಿತ್ರೆಯನ್ನು ಅರಿಯೋಣ. ಚರಿತ್ರೆಯನ್ನು ಬಲ್ಲವನನ್ನು ಮೋಸಗೊಳಿಸುವುದು ಕಷ್ಟ.

ಲೋಹದಿಂದ ಕಾಗದಕ್ಕೆ

ಪ್ರವಾದಿವರ್ಯರ(ಸ) ಕಾಲದ ಅರಬರಿಗೆ ಸ್ವಂತ ನಾಣ್ಯವಿರಲಿಲ್ಲ. ರೋಮನ್ನರ ಚಿನ್ನದ ದೀನಾರ್ ಮತ್ತು ಪರ್ಶಿಯನ್ನರ ಬೆಳ್ಳಿಯ ದಿರ್ಹಮ್‌ಗಳೇ ಮಕ್ಕಾ ಮದೀನಾಗಳ ಮಾರುಕಟ್ಟೆಯಲ್ಲಿ ಚಲಾವಣೆಯಲ್ಲಿದ್ದವು. ಉಮಯ್ಯಾ ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನರು ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ, ಚಿತ್ರಗಳಿಲ್ಲದ, ಕೇವಲ ಅರಬಿ ಬರಹವುಳ್ಳ ದೀನಾರನ್ನು ಟಂಕಿಸಿದರು. ಅದರ ತೂಕವು ಸುಮಾರು 4.25 ಗ್ರಾಂ. ಇಂದಿಗೂ ಝಕಾತ್‌ನ ನಿಸಾಬ್ ಲೆಕ್ಕ ಹಾಕುವಾಗ ಅನೇಕರು ಇದೇ ತೂಕವನ್ನು ಆಧರಿಸುತ್ತಾರೆ. ಇದಕ್ಕೂ ಮೊದಲು ಹ. ಉಮರ್(ರ) ಅವರು ಒಂಟೆಯ ಚರ್ಮದಿಂದ ದಿರ್ಹಮ್ ಮಾಡಿಸುವ ಆಲೋಚನೆಯನ್ನು ಹೊಂದಿದ್ದರೆಂದೂ, ಹಾಗೆ ಮಾಡಿದರೆ ಒಂಟೆಗಳೇ ಉಳಿಯಲಾರವು ಎಂದು ಇತರರು ಹೇಳಿದ್ದರಿಂದ ಅದನ್ನು ಕೈಬಿಟ್ಟರೆಂದೂ ಚರಿತ್ರೆಕಾರ ಬಲಾಝುರಿ ದಾಖಲಿಸಿದ್ದಾರೆ. ಲೋಹವಲ್ಲದ ವಸ್ತುವೂ ಹಣವಾಗಬಹುದೆಂಬ ವಿಚಾರವು ನಮಗೆ ಹೊಸತಲ್ಲವೆಂಬುದಕ್ಕೆ ಇದು ಸಾಕ್ಷಿ.

ನಮ್ಮ ನಾಡಿನಲ್ಲಿಯೂ ನಾಣ್ಯದ ಚರಿತ್ರೆ ಶ್ರೀಮಂತವಾದುದು. ಶೇರ್ ಶಾಹ್ ಸೂರಿಯು 16ನೆಯ ಶತಮಾನದ ನಡುಭಾಗದಲ್ಲಿ ಸುಮಾರು ಹನ್ನೊಂದೂವರೆ ಗ್ರಾಂ ತೂಕದ ಬೆಳ್ಳಿಯ ರುಪಿಯಾವನ್ನು ಜಾರಿಗೊಳಿಸಿದನು. ನಾವಿಂದು ನುಡಿಯುವ ರೂಪಾಯಿಯ ಹಿರಿಯನು ಅದೇ. ಬಿಜಾಪುರದ ಎರಡನೆಯ ಅಲಿ ಆದಿಲ್ ಶಾಹ್‌ನ ಕಾಲದಲ್ಲಿ ಬೆಳ್ಳಿಯ ತಂತಿಯನ್ನು ಮಡಿಚಿ ಮುದ್ರೆಯೊತ್ತಿದ ಲಾರಿನ್ ಎಂಬ ನಾಣ್ಯವಿತ್ತು. ನೋಡಲು ಅದು ಮೀನಿನ ಗಾಳದಂತಿರುತ್ತದೆ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರು ತಮ್ಮ ನಾಣ್ಯಗಳಿಗೆ ಹೆಸರಿಡುವಾಗಲೂ ತಮ್ಮ ಶ್ರದ್ಧೆಯನ್ನು ತೋರಿಸಿದರು. ಚಿನ್ನದ ನಾಣ್ಯಗಳಿಗೆ ಅಹ್ಮದಿ, ಸಿದ್ದೀಕಿ, ಫಾರೂಕಿ ಎಂದೂ, ಬೆಳ್ಳಿಯ ನಾಣ್ಯಗಳಿಗೆ ಹೈದರಿ, ಇಮಾಮಿ, ಆಬಿದಿ ಎಂದೂ ಹೆಸರಿದ್ದವು.

ಕಾಗದದ ನೋಟನ್ನು ಹೊರಡಿಸುವ ಅಧಿಕಾರವನ್ನು ಬ್ರಿಟಿಷ್ ಸರ್ಕಾರವು 1861ರ ಕಾಗದದ ಹಣದ ಕಾಯಿದೆಯ ಮೂಲಕ ತನ್ನದಾಗಿಸಿಕೊಂಡಿತು. ಅದಕ್ಕೆ ಮೊದಲು ಕೆಲವು ಖಾಸಗಿ ಹಾಗೂ ಪ್ರಾಂತೀಯ ಬ್ಯಾಂಕುಗಳು ನೋಟು ಹೊರಡಿಸುತ್ತಿದ್ದವು. ಆದರೆ ಆ ಕಾಲದ ನೋಟುಗಳು ದೊಡ್ಡ ಮೊತ್ತದವು. ಬಡವನ ಕೈಗೆ ಅವು ಬರುತ್ತಿರಲಿಲ್ಲ. ಒಂದು ರೂಪಾಯಿಯ ನೋಟು ಹುಟ್ಟಿದ್ದು 1917ರ ನವೆಂಬರ್ 30ರಂದು. ಮೊದಲನೆಯ ಮಹಾಯುದ್ಧದಿಂದ ಬೆಳ್ಳಿಗೆ ಅಭಾವವುಂಟಾಗಿ, ಬೆಳ್ಳಿಯ ರೂಪಾಯಿಯ ಬದಲು ಐದನೆಯ ಜಾರ್ಜ್ ದೊರೆಯ ಚಿತ್ರವಿದ್ದ ಕಾಗದವು ಬಂದಿತು. ಅದರ ಬೆನ್ನಿಗೇ ಎರಡು ರೂಪಾಯಿ ಎಂಟಾಣೆಯ ನೋಟೂ ಬಂದು, ಬೇಗನೆ ಮರೆಯಾಯಿತು. ಅದೇ ಯುದ್ಧದ ಕಾಲದಲ್ಲಿ, 1918ರ ಜುಲೈಯಲ್ಲಿ, ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ಶಿರಾಲಾ ಎಂಬ ಹಡಗನ್ನು ಜರ್ಮನಿಯ ಜಲಾಂತರ್ಗಾಮಿಯು ಮುಳುಗಿಸಿತು. ಅದರಲ್ಲಿದ್ದ ಸಹಿಯಿಲ್ಲದ ನೋಟುಗಳಲ್ಲಿ ಕೆಲವು ದಡಕ್ಕೆ ತೇಲಿಬಂದವು. ಅವುಗಳ ಪೈಕಿ ಹತ್ತು ರೂಪಾಯಿಯ ಎರಡು ನೋಟುಗಳು 2024ರಲ್ಲಿ ಲಂಡನ್ನಿನ ಹರಾಜಿಗೆ ಬಂದಾಗ ಜಗತ್ತು ಅಚ್ಚರಿಪಟ್ಟಿತು.

ಭಾರತೀಯ ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಆರಂಭವಾಯಿತು. ಅದರ ಮೊದಲ ನೋಟು 1938ರಲ್ಲಿ ಬಂದ ಐದು ರೂಪಾಯಿ. ಸ್ವಾತಂತ್ರ್ಯಾನಂತರ 1949ರಲ್ಲಿ ಒಂದು ರೂಪಾಯಿಯ ನೋಟಿನಲ್ಲಿ ದೊರೆಯ ಬದಲು ಅಶೋಕನ ಸಿಂಹಸ್ತಂಭವು ಬಂದಿತು. 1967ರಲ್ಲಿ ಮಿತವ್ಯಯಕ್ಕಾಗಿ ನೋಟುಗಳ ಗಾತ್ರವನ್ನು ಕಿರಿದುಗೊಳಿಸಲಾಯಿತು. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ನೆನಪಿಗೆ ಅವರು ಸೇವಾಗ್ರಾಮದ ಮುಂದೆ ಕುಳಿತಿರುವ ಚಿತ್ರದ ನೋಟುಗಳು ಬಂದವು. ಇಂದು ನಮಗೆ ಪರಿಚಿತವಾದ ಮಹಾತ್ಮಾ ಗಾಂಧಿ ಸರಣಿಯು 1996ರದು. ಇಂದಿನ ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ತೋರಿಸುವುದುಂಟು. ಹದಿನೈದು ಭಾಷೆಗಳಲ್ಲಿ ನಾಲ್ಕನೆಯದು ಕನ್ನಡ, ಕೊನೆಯದು ಉರ್ದು. ಮದ್ರಸಾದಲ್ಲಿ ಒಂದನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಕಲಿಯುವ ನಮ್ಮ ಮಕ್ಕಳಿಗೆ ಒಂದೇ ಕಾಗದದ ಮೇಲೆ ತಮ್ಮ ಎರಡೂ ಲಿಪಿಗಳು ಸಿಗುತ್ತವೆ.

ಈ ಸಾಮೀಪ್ಯವು ಹಳೆಯದು. ಹೈದರಾಬಾದಿನ ನಿಝಾಮರು 1918ರಿಂದ ತಮ್ಮದೇ ನೋಟುಗಳನ್ನು ಹೊರಡಿಸಿದರು. ಉಸ್ಮಾನಿಯಾ ಸಿಕ್ಕಾ ಎಂದು ಕರೆಯಲಾಗುತ್ತಿದ್ದ ಆ ಹಣದ ನೋಟುಗಳಲ್ಲಿ ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿಗಳಲ್ಲಿಯೂ ಬೆಲೆಯನ್ನು ಬರೆದಿರುತ್ತಿತ್ತು. ಬೀದರ, ಕಲಬುರಗಿ, ರಾಯಚೂರಿನ ಹಿರಿಯರು ಆ ನೋಟಿನಲ್ಲಿಯೇ ಜೋಳ ಕೊಂಡವರು. ಆ ಕಡೆಯ ಹಳೆಯ ಮನೆಗಳ ಕಾಗದಪತ್ರಗಳ ನಡುವೆ ಅವು ಇಂದಿಗೂ ಸಿಕ್ಕಿದರೆ ಆಶ್ಚರ್ಯವಿಲ್ಲ.

ಹಜ್ ಯಾತ್ರಿಕನ ನೋಟು

ನಮ್ಮ ಸಮುದಾಯದ ಚರಿತ್ರೆಯೊಂದಿಗೆ ನೇರವಾಗಿ ಬೆಸೆದುಕೊಂಡ ನೋಟೊಂದಿದೆ. ನಮ್ಮವರಲ್ಲಿಯೇ ಬಹಳಷ್ಟು ಮಂದಿಗೆ ಅದರ ಪರಿಚಯವಿಲ್ಲ.

ಒಂದು ಕಾಲದಲ್ಲಿ ಕುವೈತ್, ಬಹರೈನ್, ಕತಾರ್ ಮತ್ತು ಇಂದಿನ ಯುಎಇ ಪ್ರದೇಶಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆದಾರರು ಇಲ್ಲಿಂದ ರೂಪಾಯಿಯನ್ನು ಒಯ್ದು ಅಲ್ಲಿ ಚಿನ್ನ ಕೊಳ್ಳುತ್ತಿದ್ದರು. ಆ ರೂಪಾಯಿಗಳು ಅಲ್ಲಿನ ಬ್ಯಾಂಕುಗಳ ಮೂಲಕ ಮರಳಿದಾಗ ಭಾರತವು ಅವುಗಳಿಗೆ ವಿದೇಶಿ ಹಣವನ್ನು ತೆರಬೇಕಾಗುತ್ತಿತ್ತು. ಈ ಸೋರಿಕೆಯನ್ನು ತಡೆಯಲು 1959ರಲ್ಲಿ ಸರ್ಕಾರವು ಕೊಲ್ಲಿ ಪ್ರದೇಶಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಅವುಗಳ ಸಂಖ್ಯೆಯ ಮುಂದೆ ಇಂಗ್ಲಿಷಿನ ಝಡ್ ಅಕ್ಷರವಿರುತ್ತಿತ್ತು. 1961ರಲ್ಲಿ ಕುವೈತ್ ತನ್ನ ದೀನಾರನ್ನು ತಂದಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಆಸುಪಾಸಿನ ವರ್ಷಗಳಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಅದನ್ನು ಬಿಟ್ಟರು.

ಅದೇ ಕಾಲದಲ್ಲಿ ಹಜ್ ಯಾತ್ರಿಕರಿಗಾಗಿ ಹತ್ತು ಮತ್ತು ನೂರು ರೂಪಾಯಿಯ ವಿಶೇಷ ನೋಟುಗಳನ್ನೂ ರಿಸರ್ವ್ ಬ್ಯಾಂಕು ಹೊರಡಿಸಿತು. ಅವುಗಳ ಮೇಲೆ ಇಂಗ್ಲಿಷಿನಲ್ಲಿ ಹಜ್ ಎಂಬ ಪದವೂ, ಸಂಖ್ಯೆಯ ಮುಂದೆ ಎಚ್ ಮತ್ತು ಎ ಎಂಬ ಅಕ್ಷರಗಳೂ ಇದ್ದವು. ಯಾತ್ರಿಕನು ಅವನ್ನು ಸೌದಿ ಅರೇಬಿಯಾದಲ್ಲಿ ರಿಯಾಲಿಗೆ ಬದಲಿಸಿಕೊಳ್ಳುತ್ತಿದ್ದನು. ಊರಿನ ಅಂಗಡಿಯಲ್ಲಿ ಅವು ನಡೆಯುತ್ತಿರಲಿಲ್ಲ. ಅಂದು ನಮ್ಮ ಹಿರಿಯರು ರೈಲಿನಲ್ಲಿ ಮುಂಬಯಿಗೆ ಹೋಗಿ, ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಲ್ಲಿ ತಂಗಿ, ಮುಘಲ್ ಲೈನಿನ ಹಡಗಿನಲ್ಲಿ ಜಿದ್ದಾಕ್ಕೆ ತೆರಳುತ್ತಿದ್ದರು. ಖರ್ಚಾಗದೆ ಉಳಿದ ಒಂದೆರಡು ನೋಟುಗಳು ಝಮ್‌ಝಮ್ ಡಬ್ಬಿಯ ಜೊತೆಗೆ ಮನೆಗೆ ಬಂದಿರಬಹುದು. ಅಧಿಕಾಂಶ ನೋಟುಗಳು ಮರಳಿ ನಾಶವಾದುದರಿಂದಲೇ ಉಳಿದವು ಅಪರೂಪವಾದವು. ಈಚೆಗೆ ಲಂಡನ್ನಿನ ಹರಾಜೊಂದರಲ್ಲಿ ನೂರು ರೂಪಾಯಿಯ ಹಜ್ ನೋಟೊಂದು 56 ಲಕ್ಷ ರೂಪಾಯಿಗೂ ಮಿಕ್ಕಿದ ಬೆಲೆಗೆ ಮಾರಾಟವಾದ ಸುದ್ದಿಯನ್ನು ನೀವು ಓದಿರಬಹುದು.

ಬೆಲೆಯನ್ನು ಅಳೆಯುವ ಬಗೆ

ಹಾಗಾದರೆ ಗಲ್ಲಾಪೆಟ್ಟಿಗೆಗೆ ಬಂದ ನೋಟಿನಲ್ಲಿ ಏನನ್ನು ನೋಡಬೇಕು? ಹಳೆಯದೆಲ್ಲವೂ ಬೆಲೆಯುಳ್ಳದ್ದೆಂಬುದು ಮೊದಲ ತಪ್ಪು ತಿಳಿವಳಿಕೆ. ಬೆಲೆಯು ವಯಸ್ಸಿನಿಂದ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಮಂದಿಗೆ ಬೇಕಾಗಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಸಂಗತಿಗಳಿಂದ ಬರುತ್ತದೆ. ಟ್ರ್ಯಾಕ್ಟರಿನ ಐದು ರೂಪಾಯಿಯು ಕೋಟಿಗಟ್ಟಲೆ ಅಚ್ಚಾಗಿತ್ತು. ಮಡಿಕೆಬಿದ್ದು ಮಾಸಿದ ಅಂತಹ ನೋಟಿಗೆ ಮುಖಬೆಲೆಗಿಂತ ಹೆಚ್ಚೇನೂ ದೊರೆಯದಿರಬಹುದು.

ಸಹಿಯನ್ನು ನೋಡಬೇಕು. ಒಂದು ರೂಪಾಯಿಯ ನೋಟನ್ನು ಹೊರಡಿಸುವುದು ಭಾರತ ಸರ್ಕಾರ. ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿಯಿರುತ್ತದೆ. ಉಳಿದವುಗಳಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿಯೂ, ಹಣ ಕೊಡುವೆನೆಂಬ ವಚನವೂ ಇರುತ್ತವೆ. ಡಾ. ಮನಮೋಹನ್ ಸಿಂಗ್ ಅವರ ಸಹಿಯು ಕಾರ್ಯದರ್ಶಿಯಾಗಿ ಒಂದು ರೂಪಾಯಿಯಲ್ಲಿಯೂ, ಗವರ್ನರರಾಗಿ ದೊಡ್ಡ ನೋಟುಗಳಲ್ಲಿಯೂ ಸಿಗುತ್ತದೆ. ಬಿ. ಎನ್. ಅಡಾರ್ಕರ್ ಅವರು 1970ರಲ್ಲಿ ಕೇವಲ 42 ದಿನ ಗವರ್ನರರಾಗಿದ್ದರು. ಆದುದರಿಂದ ಅವರ ಸಹಿಯ ಗಾಂಧಿ ಶತಾಬ್ದಿ ನೋಟನ್ನು ಸಂಗ್ರಾಹಕರು ಹುಡುಕುತ್ತಾರೆ. ಒಂದೇ ಚಿತ್ರದ ಎರಡು ನೋಟುಗಳಿಗೆ ಬೇರೆ ಬೇರೆ ಬೆಲೆಯಿರುವುದು ಬಹುಮಟ್ಟಿಗೆ ಸಹಿಯಿಂದಲೇ.

ಸಂಖ್ಯೆಯನ್ನು ನೋಡಬೇಕು. ಆರೂ ಅಂಕಿಗಳು ಒಂದೇ ಆಗಿದ್ದರೆ, ಒಂದರಿಂದ ಆರರವರೆಗೆ ಕ್ರಮವಾಗಿದ್ದರೆ, ಸರಣಿಯ ಮೊದಲನೆಯ ಸಂಖ್ಯೆಯಾಗಿದ್ದರೆ ಅದಕ್ಕೆ ಬೇಡಿಕೆಯಿದೆ. ಸಂಖ್ಯೆಯ ಮುಂದಿನ ಅಕ್ಷರಗಳ ನಂತರ ನಕ್ಷತ್ರವಿದ್ದರೆ ಅದು ಖೋಟಾ ನೋಟಲ್ಲ. ಅಚ್ಚಿನಲ್ಲಿ ಕೆಟ್ಟುಹೋದ ನೋಟಿನ ಬದಲಿಗೆ ಕಟ್ಟಿನಲ್ಲಿ ಸೇರಿಸಿದ ನೋಟು. ಈ ಪದ್ಧತಿಯು 2006ರಿಂದ ಆರಂಭವಾಯಿತು. ಹಿಂಬದಿಯ ಕೆಳಗೆ ಮುದ್ರಣದ ವರ್ಷವು 2005ರಿಂದ ಕಾಣಿಸುತ್ತದೆ. ವರ್ಷವಿಲ್ಲದ ಗಾಂಧಿ ಸರಣಿಯ ನೋಟುಗಳನ್ನು ಬ್ಯಾಂಕುಗಳು 2014ರಿಂದ ಹಿಂಪಡೆಯುತ್ತಾ ಬಂದಿರುವುದರಿಂದ ಗಲ್ಲಾಪೆಟ್ಟಿಗೆಯಲ್ಲಿ ಅವು ವಿರಳವಾಗುತ್ತಿವೆ. ಸಂಖ್ಯೆಯೇ ಅಚ್ಚಾಗದ, ಓರೆಯಾಗಿ ಕತ್ತರಿಸಿದ, ಅಂಚಿನಲ್ಲಿ ಹೆಚ್ಚುವರಿ ಕಾಗದ ಉಳಿದ ತಪ್ಪು ನೋಟುಗಳಿಗೂ ಬೆಲೆಯಿದೆ.

ಎಲ್ಲಕ್ಕಿಂತ ಮಿಗಿಲಾಗಿ ಸ್ಥಿತಿಯನ್ನು ನೋಡಬೇಕು. ಒಂದೂ ಮಡಿಕೆಯಿಲ್ಲದ ನೋಟಿಗೂ ಕಿಸೆಯಲ್ಲಿ ಸವೆದ ಅದೇ ನೋಟಿಗೂ ಹತ್ತು ಪಟ್ಟು ಅಂತರವಿರಬಹುದು. ಹಿಂದೆ ಬ್ಯಾಂಕುಗಳು ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದುದರಿಂದ ಹಳೆಯ ನೋಟುಗಳಲ್ಲಿ ತೂತುಗಳು ಸಾಮಾನ್ಯ. ತೂತಿಲ್ಲದ್ದು ಸಿಕ್ಕಿದರೆ ಅದೇ ವಿಶೇಷ. ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪು ಅಂಟಿಸುವುದು, ಲ್ಯಾಮಿನೇಶನ್ ಮಾಡಿಸುವುದು ಇವೆಲ್ಲವೂ ಅದರ ಬೆಲೆಯನ್ನು ಕೆಡಿಸುತ್ತವೆ. ಸಿಕ್ಕಿದ ನೋಟನ್ನು ಸಿಕ್ಕಿದಂತೆಯೇ ಪುಸ್ತಕದ ಹಾಳೆಗಳ ನಡುವೆ ಚಪ್ಪಟೆಯಾಗಿ ಇಟ್ಟುಬಿಡಬೇಕು. ಬೆಲೆಯನ್ನು ತಿಳಿಯಬೇಕಾದರೆ ಯಾರೋ ಕೇಳಿದ ಬೆಲೆಯನ್ನಲ್ಲ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು. ಒಂದು ರೂಪಾಯಿಗೆ ಹತ್ತು ಲಕ್ಷ ಕೇಳಲು ಯಾರಿಗೂ ಅಡ್ಡಿಯಿಲ್ಲ. ಕೊಟ್ಟವನು ಇದ್ದಾನೆಯೇ ಎಂಬುದು ಪ್ರಶ್ನೆ.

786ರ ಲೆಕ್ಕ

ಈಗ ಬಳೆ ವ್ಯಾಪಾರಿಯ ನೋಟಿಗೆ ಬರೋಣ. ಅಬ್‌ಜದ್ ಪದ್ಧತಿಯಲ್ಲಿ ಪ್ರತಿಯೊಂದು ಅರಬಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್ ಎಂಬುದರಲ್ಲಿ ಬಿಸ್ಮ್‌ಗೆ 102, ಅಲ್ಲಾಹ್‌ಗೆ 66, ಅರ್ರಹ್ಮಾನ್‌ಗೆ 329, ಅರ್ರಹೀಮ್‌ಗೆ 289. ಕೂಡಿದರೆ 786. ಪತ್ರಗಳ ತಲೆಯಲ್ಲಿ ಪವಿತ್ರ ವಾಕ್ಯವನ್ನು ಬರೆದರೆ ಅದು ಕಾಲಡಿಗೆ ಬಿದ್ದೀತೆಂಬ ಭಯಭಕ್ತಿಯಿಂದ ನಮ್ಮ ಹಿರಿಯರಲ್ಲಿ ಕೆಲವರು ಈ ಸಂಖ್ಯೆಯನ್ನು ಬರೆದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಕುರ್‌ಆನ್ ಮತ್ತು ಹದೀಸ್‌ಗಳಲ್ಲಿ ಈ ಸಂಖ್ಯೆಯ ಉಲ್ಲೇಖವಿಲ್ಲ. ಸಂಖ್ಯೆಯನ್ನು ನುಡಿದವನು ಬಿಸ್ಮಿಲ್ಲಾ ಹೇಳಿದಂತಾಗುವುದಿಲ್ಲ. ಕಿಸೆಯಲ್ಲಿಟ್ಟುಕೊಂಡವನಿಗೆ ಬರಕತ್ ಇಳಿಯುತ್ತದೆಂಬುದಕ್ಕೂ ಆಧಾರವಿಲ್ಲ. ಬರಕತ್ ಇರುವುದು ತೂಕದಲ್ಲಿ, ಮಾತಿನಲ್ಲಿ, ಹಲಾಲ್ ಸಂಪಾದನೆಯಲ್ಲಿ.

ಇನ್ನು ಅದರ ಅಪರೂಪತೆಯ ಲೆಕ್ಕ. ಆರಂಕಿಯ ಹತ್ತು ಲಕ್ಷ ಸಂಖ್ಯೆಗಳಲ್ಲಿ 786 ಎಂಬುದು ಒಟ್ಟಿಗೆ ಬರಬಹುದಾದ ಸ್ಥಾನಗಳು ನಾಲ್ಕು. ಪ್ರತಿ ಸ್ಥಾನದಲ್ಲಿಯೂ ಅದು ಸಾವಿರ ಸಲ ಬರುತ್ತದೆ. 786786 ಎಂಬುದು ಎರಡು ಸಲ ಎಣಿಕೆಯಾಗುವುದರಿಂದ ಒಂದನ್ನು ಕಳೆದರೆ ಒಟ್ಟು 3,999. ಅಂದರೆ ಸರಾಸರಿ 250 ನೋಟಿಗೊಂದು. ಜಾತ್ರೆಯ ಒಂದು ದಿನದಲ್ಲಿ ಒಂದು ಬಳೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ಇಷ್ಟು ನೋಟುಗಳು ಬಂದೇ ಬರುತ್ತವೆ. ಕೊನೆಯಲ್ಲಿಯೇ 786 ಇರುವ ನೋಟು ಸಾವಿರಕ್ಕೊಂದು. ಇಷ್ಟು ಸುಲಭವಾಗಿ ಸಿಗುವ ವಸ್ತುವಿಗೆ ಯಾರು ಮೂರು ಲಕ್ಷ ಕೊಡುತ್ತಾರೆ? ಪ್ರೀತಿಯಿಂದ ಕೊಳ್ಳುವವರು ಮುಖಬೆಲೆಗಿಂತ ಸ್ವಲ್ಪ ಹೆಚ್ಚು ಕೊಡಬಹುದು, ಅಷ್ಟೆ.

ಈ ಲೆಕ್ಕವನ್ನು ನಾನು ಅವರಿಗೆ ಅಂದೇ ಹೇಳಿದೆನು. ಆದರೆ ಆಸೆಗೆ ಲೆಕ್ಕವು ರುಚಿಸುವುದಿಲ್ಲ. ಕರೆ ಮಾಡಿದವನು ಮೊದಲು ನೋಂದಣಿ ಶುಲ್ಕ ಕೇಳಿದನು, ನಂತರ ತೆರಿಗೆ ಎಂದನು, ನಂತರ ಅನುಮತಿ ಪತ್ರ ಎಂದನು. ರಿಸರ್ವ್ ಬ್ಯಾಂಕಿನ ಲಾಂಛನವಿರುವ ಪತ್ರವನ್ನೂ ಮೊಬೈಲಿಗೆ ಕಳಿಸಿದನು. ಮೂರು ಕಂತುಗಳಲ್ಲಿ 18,500 ರೂಪಾಯಿ ಹೋಯಿತು. ಅದು ಆ ವರ್ಷದ ಜಾತ್ರೆಯಲ್ಲಿ ಹೆಂಡತಿ ಮಕ್ಕಳೆಲ್ಲರೂ ಬಿಸಿಲಿನಲ್ಲಿ ಕುಳಿತು ಗಳಿಸಿದ ಲಾಭ. ನಂತರ ಆ ನಂಬರು ಹತ್ತಲಿಲ್ಲ. "ನೋಟ ನನ್ನ ಹತ್ರನ ಐತ್ರಿ ಹಜರತ್, ರೊಕ್ಕ ಅಷ್ಟ ಹೋತು" ಎಂದು ಅವರು ನಕ್ಕರು. ಆ ನಗೆಯನ್ನು ನೋಡಲಾಗಲಿಲ್ಲ.

ಪ್ರತಿಯೊಂದು ಮನೆಯಲ್ಲಿಯೂ ಇದು ತಿಳಿದಿರಲಿ. ರಿಸರ್ವ್ ಬ್ಯಾಂಕು ಹಳೆಯ ನೋಟುಗಳ ಕೊಳ್ಳುವಿಕೆ ಮಾರಾಟದಲ್ಲಿ ತೊಡಗುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ ಅನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕವಾಗಿ ಎಚ್ಚರಿಸಿದೆ. ನಿಜವಾದ ಕೊಳ್ಳುವವನು ಹಣ ಕೊಡುತ್ತಾನೆಯೇ ಹೊರತು ಕೇಳುವುದಿಲ್ಲ. ಇನ್ನೊಂದು ಮಾತು: 2016ರಲ್ಲಿ ರದ್ದಾದ 500 ಮತ್ತು 1,000 ರೂಪಾಯಿಯ ನೋಟುಗಳನ್ನು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯಿದೆಯ ಪ್ರಕಾರ ಅಪರಾಧ. ಅಧ್ಯಯನ, ಸಂಶೋಧನೆ ಅಥವಾ ಸಂಗ್ರಹಕ್ಕೆಂದರೂ 25ರ ಮಿತಿಯಿದೆ. ಆಸೆಯಿಂದ ಅವನ್ನು ಕೂಡಿಡಬಾರದು.

ಹಣವನ್ನು ಹಣಕ್ಕೆ ಮಾರಬಹುದೇ?

ಇಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ಚಿನ್ನವನ್ನು ಚಿನ್ನಕ್ಕೆ, ಬೆಳ್ಳಿಯನ್ನು ಬೆಳ್ಳಿಗೆ ಸಮಸಮವಾಗಿ, ಕೈಯಿಂದ ಕೈಗೆ ಮಾತ್ರ ಬದಲಿಸಬೇಕೆಂದೂ, ಹೆಚ್ಚು ಪಡೆದರೆ ಅದು ಬಡ್ಡಿಯೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಾಗದದ ಹಣವೂ ಪೂರ್ಣಾರ್ಥದಲ್ಲಿ ಹಣವೇ, ಬಡ್ಡಿ ಮತ್ತು ಝಕಾತ್‌ನ ನಿಯಮಗಳು ಅದಕ್ಕೂ ಅನ್ವಯಿಸುತ್ತವೆ ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದಾಗ ನಿರ್ಣಯಿಸಿತು.

ಆದುದರಿಂದ ಚಲಾವಣೆಯಲ್ಲಿರುವ ನೋಟನ್ನು ಅದೇ ದೇಶದ ನೋಟಿಗೆ ಹೆಚ್ಚು ಬೆಲೆಗೆ ಬದಲಿಸುವುದು ಗಂಭೀರ ವಿಷಯ. ಈದ್‌ನ ಮುನ್ನಾದಿನ ಮಕ್ಕಳಿಗೆ ಈದಿ ಕೊಡಲೆಂದು ಸಾವಿರ ರೂಪಾಯಿಯ ಹೊಸ ನೋಟಿನ ಕಟ್ಟನ್ನು ಸಾವಿರದ ನೂರಕ್ಕೆ ಕೊಳ್ಳುವವರಿದ್ದಾರೆ. ಹೊಸ ಕಾಗದದ ಗರಿಗರಿಗೆ ನೂರು ರೂಪಾಯಿ ತೆತ್ತು ಬಡ್ಡಿಯ ಬಾಗಿಲನ್ನು ತಟ್ಟುವುದೇಕೆ? ಚಲಾವಣೆಯಿಂದ ಸಂಪೂರ್ಣ ರದ್ದಾದ ಹಳೆಯ ನೋಟು, ನಾಣ್ಯಗಳ ವಿಷಯ ಬೇರೆ. ಅವು ಹಣವಾಗಿ ಉಳಿದಿಲ್ಲ, ವಸ್ತುಗಳಾಗಿವೆ, ಆದುದರಿಂದ ಒಪ್ಪಿದ ಬೆಲೆಗೆ ಮಾರಬಹುದೆಂದು ವಿದ್ವಾಂಸರು ಹೇಳುತ್ತಾರೆ. ಮಾರಾಟಕ್ಕೆಂದೇ ಸಂಗ್ರಹಿಸಿದ್ದರೆ ವ್ಯಾಪಾರದ ಸರಕಿನಂತೆ ಅದಕ್ಕೂ ಝಕಾತ್ ಇದೆ. ಇವೆರಡರ ನಡುವೆ ಬರುವುದು ಚಲಾವಣೆಯಲ್ಲಿಯೇ ಇದ್ದು ಸಂಖ್ಯೆಯಿಂದಲೋ ಸಹಿಯಿಂದಲೋ ಅಪರೂಪವಾದ ನೋಟು. ಅದರಲ್ಲಿ ಅಭಿಪ್ರಾಯಭೇದವಿರುವುದರಿಂದ ಮಾರುವ ಮೊದಲು ತಮ್ಮೂರಿನ ಆಲಿಮರನ್ನು ಕೇಳುವುದು ಕ್ಷೇಮ.

ನನ್ನದೇ ಒಂದು ತಪ್ಪು

ಇತರರ ಆಸೆಯ ಕುರಿತು ಬರೆದು ನನ್ನ ಆಸೆಯನ್ನು ಮರೆಮಾಚಿದರೆ ಈ ಲೇಖನವು ಅಪೂರ್ಣವಾಗುತ್ತದೆ. ಹಳೆಯ ನೋಟುಗಳನ್ನು ಕೂಡಿಡುವ ಹವ್ಯಾಸ ನನಗೆ ವಿದ್ಯಾರ್ಥಿ ದೆಸೆಯಿಂದಲೂ ಇದೆ. ಒಮ್ಮೆ ನೆರೆಯ ಹಳ್ಳಿಯ ವಿಧವೆ ತಾಯಿಯೊಬ್ಬರ ಮನೆಗೆ ಕುರ್‌ಆನ್ ಖ್ವಾನಿಗೆ ಹೋಗಿದ್ದೆನು. ಅವರ ಮಾವನವರು ಅರವತ್ತರ ದಶಕದಲ್ಲಿ ಹಡಗಿನಲ್ಲಿ ಹಜ್‌ಗೆ ಹೋಗಿಬಂದವರು. ಹಳೆಯ ಕುರ್‌ಆನ್ ಪ್ರತಿಯ ಗಿಲಾಫಿನೊಳಗಿಂದ ನೀಲಿ ಬಣ್ಣದ ಹತ್ತು ರೂಪಾಯಿಯ ನೋಟೊಂದು ಜಾರಿಬಿದ್ದಿತು. "ಇದು ಅಂಗಡ್ಯಾಗ ನಡೆಯಂಗಿಲ್ಲ ಬೇಟಾ, ಬೇಕಾದ್ರ ನೀನ ತಗೋ" ಎಂದರು ಆ ತಾಯಿ. ನಾನು ಬರಿದೆ ತೆಗೆದುಕೊಳ್ಳಲಿಲ್ಲ. ಐವತ್ತು ರೂಪಾಯಿ ಕೊಟ್ಟೆನು. ಐದು ಪಟ್ಟು ಕೊಟ್ಟೆನೆಂದು ಮನಸ್ಸಿಗೆ ಸಮಾಧಾನವೂ ಆಯಿತು. ಅದಕ್ಕೆ ಇನ್ನೂ ಹೆಚ್ಚಿನ ಬೆಲೆಯಿರಬಹುದೆಂಬ ಸಂದೇಹ ನನಗಿತ್ತು. ಎಷ್ಟೆಂದು ತಿಳಿದು ನಂತರ ಕೊಳ್ಳುವ ಗೋಜಿಗೆ ನಾನು ಹೋಗಲಿಲ್ಲ.

ತಿಂಗಳ ನಂತರ ಹುಬ್ಬಳ್ಳಿಯಲ್ಲಿ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರಿಗೆ ಅದನ್ನು ತೋರಿಸಿದೆನು. ನಡುವೆ ಹರಿದಿದ್ದರೂ, ತೂತುಗಳಿದ್ದರೂ ಅವರು ಹೇಳಿದ ಬೆಲೆಯು ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಾಗಿತ್ತು. ಸಂತೋಷಪಡಬೇಕಾದ ನನಗೆ ನಿದ್ರೆ ಬರಲಿಲ್ಲ.

ಆ ರಾತ್ರಿ ನೆನಪಾದದ್ದು, ಮದ್ರಸಾದಲ್ಲಿ ಓದಿ ಇತರರಿಗೆ ಹಲವು ಸಲ ಪಾಠ ಹೇಳಿದ್ದ ಹ. ಜರೀರ್ ಬಿನ್ ಅಬ್ದುಲ್ಲಾ(ರ) ಅವರ ಘಟನೆ. ಅವರ ಸೇವಕನು ಅವರಿಗಾಗಿ 300 ದಿರ್ಹಮ್‌ಗಳಿಗೆ ಒಂದು ಕುದುರೆಯನ್ನು ನಿಷ್ಕರ್ಷೆ ಮಾಡಿ ಮಾಲೀಕನೊಂದಿಗೆ ಬಂದನು. ಕುದುರೆಯನ್ನು ನೋಡಿದ ಜರೀರ್(ರ), ನಿನ್ನ ಕುದುರೆಗೆ ಇದಕ್ಕಿಂತ ಹೆಚ್ಚಿನ ಬೆಲೆಯಿದೆ ಎಂದು ಮಾಲೀಕನಿಗೆ ತಾವೇ ತಿಳಿಸಿ, ನೂರು ನೂರಾಗಿ ಏರಿಸುತ್ತಾ 800 ದಿರ್ಹಮ್ ಕೊಟ್ಟರು. ಕಾರಣ ಕೇಳಿದಾಗ, ಪ್ರತಿಯೊಬ್ಬ ಮುಸ್ಲಿಮನ ಹಿತವನ್ನು ಬಯಸುವೆನೆಂದು ತಾವು ಪ್ರವಾದಿವರ್ಯರಿಗೆ(ಸ) ಪ್ರತಿಜ್ಞೆ ಮಾಡಿರುವುದಾಗಿ ಹೇಳಿದರು. ಕೊಳ್ಳುವವನೇ ಬೆಲೆಯನ್ನು ಏರಿಸಿದ ಇಂತಹ ವ್ಯಾಪಾರವನ್ನು ನಾವು ಎಲ್ಲಿ ಕಂಡಿದ್ದೇವೆ? ನಾನಂತೂ ಬೆಲೆಯನ್ನು ಏರಿಸುವುದಿರಲಿ, ತಿಳಿಯಲೂ ಇಚ್ಛಿಸಿರಲಿಲ್ಲ.

ಮರುದಿನವೇ ಆ ತಾಯಿಯ ಮನೆಗೆ ಹೋಗಿ ನೋಟನ್ನು ಅವರ ಕೈಗಿತ್ತು ಎಲ್ಲವನ್ನೂ ಹೇಳಿದೆನು. ಅವರು ಬಹಳ ಹೊತ್ತು ಅದನ್ನು ನೋಡುತ್ತಾ ಕುಳಿತರು. ಮಾರಿಕೊಡಲೇ ಎಂದು ಕೇಳಿದೆನು. "ಸದ್ಯ ಬ್ಯಾಡ ಬೇಟಾ. ಮಾವಾಜಿ ಉಪವಾಸ ಬಿದ್ದು ಕೂಡಿಸಿದ ರೊಕ್ಕ ಇದು. ಮೊಮ್ಮಗನ ಕಾಲೇಜಿಗೆ ಬೇಕಾದಾಗ ಹೇಳ್ತೀನಿ" ಎಂದು ಅದನ್ನು ಮತ್ತೆ ಗಿಲಾಫಿನಲ್ಲಿಟ್ಟರು. ನನ್ನ ಐವತ್ತು ರೂಪಾಯಿಯನ್ನೂ ಹುಡುಕಿ ತಂದು ಮರಳಿಸಿದರು.

ಅವರಿಗೆ ಅದು ಬೇಕಾದ ದಿನ ನ್ಯಾಯವಾದ ಬೆಲೆ ಸಿಗುವಂತೆ ನೋಡಿಕೊಳ್ಳುವುದು ಈಗ ನನ್ನ ಮೇಲಿನ ಅಮಾನತ್ತು. ಬಳೆ ವ್ಯಾಪಾರಿಯವರು 786ರ ಆ ನೂರು ರೂಪಾಯಿಯನ್ನು ಮಗಳ ನಿಕಾಹ್‌ನ ದಿನ ಚುರಮುರಿಯ ಚೀಲಕ್ಕೆ ಕೊಟ್ಟುಬಿಟ್ಟರು. ಅದು ಈಗ ಯಾರ ಗಲ್ಲಾಪೆಟ್ಟಿಗೆಯಲ್ಲಿದೆಯೋ ಅಲ್ಲಾಹನೇ ಬಲ್ಲ. ಅದು ಸಿಕ್ಕಿದವರು ನೂರು ರೂಪಾಯಿಯೆಂದೇ ತಿಳಿದು ಖರ್ಚು ಮಾಡಲಿ.

ಪ್ರಿಯ ಓದುಗರೇ, ನಿಮ್ಮ ಮನೆಯ ಹಳೆಯ ಪೆಟ್ಟಿಗೆಗಳನ್ನು, ಗಿಲಾಫುಗಳನ್ನು ಒಮ್ಮೆ ಬಿಚ್ಚಿ ನೋಡಿರಿ. ಸಿಕ್ಕಿದ ನೋಟಿನ ಜೊತೆಗೆ ಅದನ್ನಿಟ್ಟ ಹಿರಿಯರ ಹೆಸರನ್ನೂ ಊರನ್ನೂ ಯಾತ್ರೆಯ ವರ್ಷವನ್ನೂ ಒಂದು ಚೀಟಿಯಲ್ಲಿ ಬರೆದಿಡಿರಿ. ನೋಟಿಗೆ ಬೆಲೆ ಕಟ್ಟುವವರು ಊರೂರಿಗೂ ಸಿಗುತ್ತಾರೆ, ಆ ಹೆಸರನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿರಿಸಲಿ, ನಮ್ಮ ಕೊಡುಕೊಳ್ಳುವಿಕೆಯಲ್ಲಿ ಬರಕತ್ ದಯಪಾಲಿಸಲಿ. ಆಮೀನ್.